ಮಗನ ಸಾಲಿನಲ್ಲಿ ಅಳಿಯ

ಸೋಮವಾರ, 12 ಜನವರಿ 2026. ಸ್ಯಾಂಟ್ರಿ, ಡಬ್ಲಿನ್

ನಿನ್ನೆ ಮಧ್ಯಾಹ್ನ 1.10ರಿಂದ 1.45ರವರೆಗೆ, ಮೂವತ್ತೈದು ನಿಮಿಷಗಳ ಅವಧಿಯಲ್ಲಿ, ನನ್ನನ್ನು ಹದಿನಾಲ್ಕು ಸಲ 'ನೀನು' ಎನ್ನಲಾಯಿತು. ಅಂದವನು ನನ್ನ ಮಗಳು ತನ್ವಿ ಮದುವೆಯಾಗುತ್ತೇನೆಂದು ಕರೆತಂದ ಹುಡುಗ. ಹೆಸರು ಅಶ್ವಿನ್. ವಯಸ್ಸು ಇಪ್ಪತ್ತೊಂಬತ್ತು. ಹುಟ್ಟಿದ್ದು ಇದೇ ಐರ್ಲೆಂಡಿನ ಕಾರ್ಕ್‌ನಲ್ಲಿ, ಕೆಲಸ ಅಲ್ಲೇ ಲಿಟಲ್ ಐಲ್ಯಾಂಡ್‌ನ ಔಷಧ ಕಾರ್ಖಾನೆಯಲ್ಲಿ. ತನ್ವಿಯ ಕೆಲಸವೂ ಅಲ್ಲೇ.

ಬಾಗಿಲಲ್ಲೇ ಶುರುವಾಯಿತು. "ಹಲೋ ಅಂಕಲ್, ನೀನು ಹೇಗಿದ್ದೀಯಾ?" ಎಂದ. ನನ್ನ ಹಿಂದೆ ಯಾವುದಾದರೂ ಮಗು ನಿಂತಿದೆಯೇ ಎಂದು ತಿರುಗಿ ನೋಡಿದೆ. ಇರಲಿಲ್ಲ.

"ಬಾ, ಇಲ್ಲಿ ಕೂತ್ಕೋ," ಎಂದು ನನ್ನ ಮನೆಯಲ್ಲಿ ನನ್ನ ಕುರ್ಚಿಯನ್ನು ನನಗೇ ತೋರಿಸಿದ. "ನೀನು ಪೇಪರಲ್ಲಿ ಕೆಲ್ಸ ಮಾಡ್ತಿದ್ದೆ ಅಂತ ತನ್ವಿ ಹೇಳಿದ್ಲು. ಗ್ರ್ಯಾಂಡ್!"

ತುಮಕೂರಿನ ದಿನಪತ್ರಿಕೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಉಪಸಂಪಾದಕನಾಗಿದ್ದೆ. ಜಿಲ್ಲಾಧಿಕಾರಿಗಳು 'ನೀವು' ಎನ್ನುತ್ತಿದ್ದರು. ಜೈಲಿನಿಂದ ವಾಚಕರ ವಾಣಿಗೆ ಬರೆದ ಕೈದಿಯೊಬ್ಬ 'ತಾವು' ಎಂದಿದ್ದ, ಅದೂ ನಾಲ್ಕು ಕಡೆ. ಗ್ರ್ಯಾಂಡ್ ಎಂದು ಯಾರೂ ಅಂದಿರಲಿಲ್ಲ.

ಹೆಂಡತಿ ವಿನೋದಿನಿ ಸಾರು ಬಡಿಸಿದಳು. ನಾನು ಅನ್ನ ಕಲಸಿದೆ. ಆಗ ಅವನು ನನ್ನ ಕಡೆ ಬಾಗಿ, "ಬಿಸಿ ಇದೆ, ಊದ್ಕೊಂಡು ತಿನ್ನು," ಎಂದ. ನನಗೆ ಐವತ್ತೊಂಬತ್ತು ವರ್ಷ.

ತಟ್ಟೆ ಬಿಟ್ಟು ಎದ್ದೆ. ಒಳಗೆ ಹೋಗಿ ಹವಾಮಾನ ವರದಿ ಓದಿದೆ. ಗಾಳಿ ಪಶ್ಚಿಮದಿಂದ, ಚದುರಿದ ಮಳೆ.

ಬುಧವಾರ, 14 ಜನವರಿ

ವಿನೋದಿನಿ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ಜನರನ್ನು ಮಲಗಿಸುವುದು ಅವಳ ಉದ್ಯೋಗ. ಮನೆಯಲ್ಲಿ ಮಾತ್ರ ಯಾರನ್ನೂ ನೆಮ್ಮದಿಯಾಗಿರಲು ಬಿಡುವುದಿಲ್ಲ.

"ರೀ, ಮೂವತ್ತು ವರ್ಷದಿಂದ ನಿಮಗೆ ನೀವು ನೀವು ಅಂತಿದೀನಲ್ಲ, ಒಂದಿನಾನಾದ್ರೂ ನನ್ನ ಮಾತು ಕೇಳಿದ್ದೀರಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ನೀವು ನನಗೆ ಏನಂತೀರಿ?"

ನೀನು ಎನ್ನುತ್ತೇನೆ. ಪ್ರಶ್ನೆ ಅಪ್ರಸ್ತುತ.

ಸಂಜೆ ತನ್ವಿಯ ಫೋನ್. ಅವಳು ಕಿರುಚಾಡಿದ್ದರೆ ವಾಸಿಯಿತ್ತು. ಸುದ್ದಿ ಓದುವವರ ಹಾಗೆ ಮಾತಾಡಿದಳು. "ಅಪ್ಪ, ರಿಜಿಸ್ಟ್ರಾರ್ ಆಫೀಸಲ್ಲಿ ಡೇಟ್ ಸಿಕ್ಕಿದೆ. ಏಪ್ರಿಲ್ ಹತ್ತು, ಶುಕ್ರವಾರ. ಆಮೇಲೆ ಊಟ. ಮೊನ್ನೆ ಥರ ಊಟದ ಮಧ್ಯೆ ಎದ್ದು ಹೋಗೋ ಹಾಗಿದ್ರೆ, ಪ್ಲೀಸ್, ಬರ್ಲೇಬೇಡಿ. ಅಮ್ಮ ಒಬ್ರೇ ಬರ್ಲಿ."

"ಅವನು ಮೊದಲು ಮಾತು ಕಲೀಲಿ."

"ಅವನಿಗೆ ಬರೋ ಕನ್ನಡ ಅಷ್ಟೇ. ಅಷ್ಟನ್ನೂ ನಿಮಗೋಸ್ಕರ ಬಸ್ಸಲ್ಲೆಲ್ಲ ಪ್ರ್ಯಾಕ್ಟೀಸ್ ಮಾಡ್ಕೊಂಡು ಬಂದಿದ್ದ."

ಅಭ್ಯಾಸ ಮಾಡಿ ಬಂದು ಹದಿನಾಲ್ಕು ಸಲ. ಅಭ್ಯಾಸವಿಲ್ಲದಿದ್ದರೆ ಎಷ್ಟಾಗುತ್ತಿತ್ತೋ!

ಮಂಗಳವಾರ, 20 ಜನವರಿ

"ಮನೇಲಿ ಕೂತು ನಮ್ಮನ್ನೆಲ್ಲ ತಿದ್ದೋ ಬದಲು, ಸತ್ತಿರೋರನ್ನ ತಿದ್ದಿ," ಎಂದು ವಿನೋದಿನಿ ಹುಡುಕಿಕೊಟ್ಟ ಕೆಲಸಕ್ಕೆ ಇಂದು ಹೋದೆ. ಡನ್ ಲಿಯರಿಯಲ್ಲಿ, ಬಂದರಿಗೆ ಇಳಿಯುವ ರಸ್ತೆಯಲ್ಲಿ, ಮಾಳಿಗೆಯ ಮೇಲೊಂದು ಕಚೇರಿ. ಕೆನಡಾ, ಆಸ್ಟ್ರೇಲಿಯಾಗಳಿಂದ ಜನ ತಮ್ಮ ಐರಿಷ್ ಪೂರ್ವಜರು ಯಾರೆಂದು ಕೇಳಿ ಬರೆಯುತ್ತಾರೆ; ಇಲ್ಲಿನ ಸ್ವಯಂಸೇವಕರು ಹಳೆಯ ಕಾಗದ ಓದಿ ವಂಶವೃಕ್ಷ ಮಾಡಿಕೊಡುತ್ತಾರೆ. ಮಂಗಳವಾರ, ಗುರುವಾರ ಬಂದರೆ ಸಾಕು. ಒಂದು ಬಸ್ಸು, ಒಂದು ಲೋಕಲ್ ರೈಲು.

ನಡೆಸುವವರು ಎಪ್ಪತ್ತಾರು ವರ್ಷದ ನಿವೃತ್ತ ಶಿಕ್ಷಕಿ.

"ಗುಡ್ ಮಾರ್ನಿಂಗ್, ಮೇಡಂ," ಎಂದೆ.

"ನನ್ನ ಹೆಸರು ಡೆಬೊರಾ ವೇಕ್‌ಹ್ಯಾಮ್. ಅಷ್ಟೇ ಸಾಕು. ನಿಮ್ಮ ಹೆಸರು?"

ವಿಶ್ವೇಶ್ವರ ಈಶ್ವರಪ್ಪ ಎಂದೆ. ಎರಡನೆಯದು ನನ್ನ ತಂದೆಯ ಹೆಸರು; ಪಾಸ್‌ಪೋರ್ಟಿನವರು ಕುಲನಾಮದ ಜಾಗ ಖಾಲಿ ಬಿಡಬಾರದು ಎಂದಿದ್ದರಿಂದ ತುಂಬಿದ್ದು. ಇಲ್ಲಿನ ಕ್ಲಿನಿಕ್ಕಿನಲ್ಲಿ 'ಮಿಸ್ಟರ್ ಈಶ್ವರಪ್ಪ' ಎಂದು ಕೂಗಿದಾಗಲೆಲ್ಲ, ಇಪ್ಪತ್ತು ವರ್ಷದ ಹಿಂದೆ ತೀರಿಕೊಂಡ ಅಪ್ಪನನ್ನು ಬಿಪಿ ನೋಡಲು ಕರೆಯುತ್ತಿದ್ದಾರೆ ಅನ್ನಿಸುತ್ತದೆ. ಈಕೆ ಎರಡನ್ನೂ ಪೂರ್ತಿ ಉಚ್ಚರಿಸಿದರು. ಮಿಸ್ಟರ್ ಇಲ್ಲ, ಸರ್ ಇಲ್ಲ, ಏನೂ ಇಲ್ಲ. ಕ್ರೈಸ್ತರಲ್ಲೇ ಕ್ವೇಕರ್ ಎಂಬ ಪಂಥದವರಂತೆ. ಅವರಲ್ಲಿ ಪಾದ್ರಿ ಇಲ್ಲ, ಬಿರುದಿಲ್ಲ. ದೇವರೆದುರು ಎಲ್ಲರೂ ಸಮ, ಆದ್ದರಿಂದ ಎಲ್ಲರೂ ಬರೀ ಹೆಸರು.

ಇಂಗ್ಲಿಷಿನ 'ಯೂ' ಅನ್ನು ನಾನು ಮನಸ್ಸಿನಲ್ಲೇ 'ನೀವು' ಎಂದು ಅನುವಾದಿಸಿಕೊಳ್ಳುತ್ತೇನೆ. ಬಸ್ ಚಾಲಕ, ತರಕಾರಿ ಅಂಗಡಿಯವ, ಪಕ್ಕದ ಮನೆಯ ಆರು ವರ್ಷದ ಹುಡುಗಿ, ಎಲ್ಲರೂ ನನ್ನನ್ನು 'ನೀವು' ಎನ್ನುತ್ತಾರೆ. ಈ ದೇಶದಲ್ಲಿ ನಾನು ಬದುಕಿರುವುದೇ ಈ ಅನುವಾದದ ಬಲದಿಂದ.

ಗುರುವಾರ, 29 ಜನವರಿ (ಕ್ವೇಕರ್ ಪಂಚಾಂಗದಂತೆ: ಮೊದಲನೇ ತಿಂಗಳು, ಐದನೇ ದಿನ!)

ಇವರ ವಿಚಿತ್ರಗಳಿಗೆ ಕೊನೆಯಿಲ್ಲ. ವಾರಗಳ, ತಿಂಗಳುಗಳ ಹೆಸರಿನಲ್ಲಿ ಅನ್ಯದೇವತೆಗಳು ಕೂತಿದ್ದಾರೆಂದು ಅವನ್ನು ಬರೆಯುವುದೇ ಇಲ್ಲ. ಎಲ್ಲಕ್ಕೂ ಸಂಖ್ಯೆ; ಭಾನುವಾರ ಮೊದಲನೇ ದಿನ. ದೇವತೆಗಳನ್ನು ಹೊರಗೆ ಹಾಕಿ ಗುಮಾಸ್ತರನ್ನು ಕೂರಿಸಿದ್ದಾರೆ.

ಹೆಸರಿಡುವುದರಲ್ಲೂ ಹಾಗೇ ಲೆಕ್ಕಾಚಾರ. ನನಗೆ ಕೊಟ್ಟಿರುವುದು ಹೋಲ್‌ರಾಯ್ಡ್ ಎಂಬ ಕುಟುಂಬ, ಲೀಷ್ ಕಡೆಯ ನೂಲಿನ ಗಿರಣಿಯವರು, ಹದಿನೆಂಟನೇ ಶತಮಾನದ ಕೊನೆ. ಅಜ್ಜನ ಹೆಸರು ಮೊಮ್ಮಗನಿಗೆ. ಮಗು ಸತ್ತರೆ ಅದೇ ಹೆಸರು ಮುಂದಿನದಕ್ಕೆ. ಒಟ್ಟು ಐದು ಜನ ಥಾಮಸ್. ಡೆಬೊರಾ ಅವರು ಇದು ಹೊರಗಿನವರಿಗೆ ಗೊಂದಲ ಎಂದರು. ಏನೂ ಗೊಂದಲವಿಲ್ಲ ಎಂದೆ. ನನ್ನದೂ ಅಜ್ಜನ ಹೆಸರೇ. ಮಾವನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ನಮ್ಮಮ್ಮ ಗಂಗಮ್ಮ ನನ್ನನ್ನು ಜೀವಮಾನದಲ್ಲಿ ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. 'ಪುಟ್ಟಾ' ಎನ್ನುತ್ತಿದ್ದಳು, ನನಗೆ ಐವತ್ತಾದ ಮೇಲೂ. ಡೆಬೊರಾ ಅವರು ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರು. ನಾವು ಅವರಿಗೆ ವಿಚಿತ್ರ!

ಹನ್ನೆರಡು ಪತ್ರಗಳಿವೆ. ಜೋಶುವಾ ಎಂಬವನು ಹಿರಿಯ ಥಾಮಸ್‌ನಿಗೆ ಬರೆದವು. 'ಯೂ' ಎನ್ನುವುದಿಲ್ಲ, 'ದೀ' ಎನ್ನುತ್ತಾನೆ. ಏನಿದು ಎಂದು ಕೇಳಿದೆ. ಡೆಬೊರಾ ಅವರ ವಿವರಣೆ ಕೇಳಿ ನನಗಾದ ಆಘಾತ ಇಷ್ಟೆಂದು ಹೇಳಲಾಗದು: ಹಿಂದೆ ಇಂಗ್ಲಿಷಿನಲ್ಲೂ ದೊಡ್ಡವರಿಗೆ 'ಯೂ', ಸಣ್ಣವರಿಗೆ 'ದೌ', 'ದೀ' ಇತ್ತಂತೆ. ಕ್ವೇಕರರು ರಾಜನಾಗಲಿ ಆಳಾಗಲಿ ಎಲ್ಲರಿಗೂ 'ದೀ' ಎಂದೇ ಹಟ ಹಿಡಿದರಂತೆ. ನ್ಯಾಯಾಧೀಶರಿಗೂ ಹಾಗೆಂದು ಜೈಲಿಗೂ ಹೋದರಂತೆ.

ಸರಿಯಾದ ಶಿಕ್ಷೆ.

ಜೋಶುವಾ ಬರೆಯುತ್ತಾನೆ: "ಪ್ರಿಯ ತಂದೆಯೇ, ಗಿರಣಿಯ ವಿಷಯದಲ್ಲಿ ನಿನ್ನ ಮಾತು ತಪ್ಪು. ನೀನು ಸಿಟ್ಟಾಗುವುದೂ ತಪ್ಪು." ಕೊನೆಗೆ "ನಿನ್ನ ಮಗ ಜೋಶುವಾ." ಇಂಥ ಮಗನನ್ನು ಹೆತ್ತ ಥಾಮಸ್ ಹೋಲ್‌ರಾಯ್ಡ್‌ಗೆ ನನ್ನ ಸಹಾನುಭೂತಿ ಇದೆ.

ಮಂಗಳವಾರ, 10 ಫೆಬ್ರುವರಿ. ಎರಡನೇ ತಿಂಗಳು, ಮೂರನೇ ದಿನ

ಹೋಲ್‌ರಾಯ್ಡ್ ವಂಶವೃಕ್ಷ ಮುಗಿಸಿ ಕೆನಡಾದ ಗಿರಾಕಿಗೆ ಕಳುಹಿಸಿಯಾಯಿತು. ಥಾಮಸ್‌ನಿಗೆ ಮಕ್ಕಳು ಮೂವರು: ಥಾಮಸ್, ಲಿಡಿಯಾ, ಜೋಶುವಾ. ಅಂದವಾಗಿದೆ. ಕಳುಹಿಸುವ ಮೊದಲು ಡೆಬೊರಾ ಅವರು, "ಇನ್ನೊಂದು ಜೊತೆ ಕಣ್ಣು ನೋಡಿದರೆ ಒಳ್ಳೆಯದು," ಎಂದರು. ಇಪ್ಪತ್ತೆಂಟು ವರ್ಷ ಬೇರೆಯವರ ತಪ್ಪು ಹಿಡಿದವನು ನಾನು ಎಂದು ನಗುತ್ತಲೇ ತಿಳಿಸಿದೆ.

ತನ್ವಿ ಮನೆಗೆ ಬಂದು ಒಂದು ತಿಂಗಳಾಯಿತು. ವಿನೋದಿನಿಗೆ ದಿನಾ ಫೋನ್ ಮಾಡುತ್ತಾಳೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಅಪ್ಪನಿಗೆ ಹೇಳಿ ಎಂದು ಯಾವ ಮಾತೂ ಇರುವುದಿಲ್ಲ.

ಎರಡನೇ ತಿಂಗಳು 17, ಮೂರನೇ ದಿನ

ಕೆನಡಾದಿಂದ ಉತ್ತರ ಬಂತು. "ನೀವು ಕಳುಹಿಸಿದ ವೃಕ್ಷದ ಪ್ರಕಾರ ನನ್ನ ಮುತ್ತಜ್ಜನ ಅಜ್ಜ ಜೋಶುವಾನ ಹೆಂಡತಿ ಲಿಡಿಯಾ ಅವನ ಒಡಹುಟ್ಟಿದ ಅಕ್ಕ. ಐರ್ಲೆಂಡಿನಲ್ಲಿ ಇದು ರೂಢಿಯೇ?"

ಡೆಬೊರಾ ಅವರು ಪತ್ರವನ್ನು ಎರಡು ಸಲ ಓದಿದರು. ಒಳಗೆ ಹೋಗಿ ಮದುವೆಯ ಪತ್ರವನ್ನು ತಂದು ಮುಂದಿಟ್ಟರು. ಕ್ವೇಕರ್ ಮದುವೆಯಲ್ಲಿ ಪುರೋಹಿತನಿಲ್ಲದ್ದರಿಂದ ಬಂದವರೆಲ್ಲ ಸಾಕ್ಷಿಗಳಾಗಿ ಸಹಿ ಹಾಕುತ್ತಾರೆ, ಮಕ್ಕಳು ಸಹಿತ. ವರ: ಜೋಶುವಾ ವಿನ್. ವಧು: ಲಿಡಿಯಾ ಹೋಲ್‌ರಾಯ್ಡ್.

ಅಳಿಯ. ಹೆಣ್ಣು ಕೊಟ್ಟ ಮಾವನನ್ನು 'ತಂದೆ' ಎಂದು, ತನ್ನನ್ನು 'ಮಗ' ಎಂದು ಬರೆದುಕೊಂಡ ಅಳಿಯ. ಅಂದಿನವರಲ್ಲಿ ಅದು ಸಾಮಾನ್ಯವಂತೆ.

"ವಿಶ್ವೇಶ್ವರ ಈಶ್ವರಪ್ಪ, ತಪ್ಪು ನಿಮ್ಮದು," ಎಂದರು. ದನಿ ಏರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಅವನು ಹೇಗೆ ಕರೆದ ಎಂದಷ್ಟೇ ನೋಡಿದಿರಿ. ಅವನು ಯಾರು ಎಂದು ವಿಚಾರಿಸಲಿಲ್ಲ."

'ಸರ್' ಎಂಬ ಹಾಸಿಗೆ ಇಲ್ಲದೆ ಇಂಥ ಮಾತು ನನ್ನ ಮೇಲೆ ಬಿದ್ದು ಮೂವತ್ತು ವರ್ಷವಾಗಿತ್ತು. ವೃತ್ತಿಧರ್ಮದಂತೆ ಇಲ್ಲೇ ದಾಖಲಿಸುತ್ತೇನೆ:

ತಿದ್ದುಪಡಿ: ಫೆ. 10ರಂದು ಕಳುಹಿಸಲಾದ ವಂಶವೃಕ್ಷದಲ್ಲಿ 'ಮಗ ಜೋಶುವಾ' ಎಂದಿರುವುದನ್ನು 'ಅಳಿಯ ಜೋಶುವಾ' ಎಂದು ಓದಿಕೊಳ್ಳಬೇಕು. ಪ್ರಮಾದಕ್ಕೆ ವಿಷಾದಿಸಲಾಗಿದೆ.

ಮನೆಯಲ್ಲಿ ಹೇಳಬಾರದೆಂದಿದ್ದೆ. ಮುಖ ನೋಡಿಯೇ ವಿನೋದಿನಿ ಬಾಯಿ ಬಿಡಿಸಿದಳು. ಅಡುಗೆಮನೆಯ ಕಟ್ಟೆ ಹಿಡಿದು ನಕ್ಕಳು. "ಅಲ್ಲಾ ರೀ, ಇನ್ನೂರೈವತ್ತು ವರ್ಷದ ಹಿಂದಿನ ಅಳಿಯನ್ನ ಮಗ ಮಾಡ್ಕೊಂಡ್ರಿ. ಈಗಿನವನಿಗೆ ಊಟ ಮಾಡೋಕೂ ಬಿಡ್ಲಿಲ್ಲ!"

ಊಟ ಬಿಟ್ಟದ್ದು ನಾನು. ಅವನು ಎರಡು ಸಲ ಹಾಕಿಸಿಕೊಂಡು ಉಂಡನೆಂದು ನಂತರ ತಿಳಿದುಬಂದಿತ್ತು. ಸಂಗತಿಗಳು ಸರಿಯಾಗಿರಬೇಕು.

ಮೂರನೇ ತಿಂಗಳು 3, ಮೂರನೇ ದಿನ

ಹನ್ನೆರಡನೆಯ ಪತ್ರ. ಅಂಚು ಹರಿದಿದೆ. ಥಾಮಸ್ ಹೋಲ್‌ರಾಯ್ಡ್‌ನ ಕೊನೆಯ ಕಾಯಿಲೆಯ ಸಮಯದ್ದು. ನನ್ನ ಅನುವಾದ: "ನಿನ್ನ ಜ್ವರ ಬಿಟ್ಟಿಲ್ಲವೆಂದು ಲಿಡಿಯಾ ಹೇಳಿದಳು. ಆರನೇ ದಿನ ಬರುತ್ತೇನೆ. ನೀನು ಏಳಬೇಡ. ಬಾಗಿಲು ನಾನೇ ತೆಗೆದುಕೊಳ್ಳುತ್ತೇನೆ."

ಇದನ್ನು 'ನೀವು ಏಳಬೇಡಿ' ಎಂದು ತಿದ್ದಿ ನೋಡಿದೆ. ಆಸ್ಪತ್ರೆಯ ಸೂಚನಾ ಫಲಕದಂತಾಯಿತು. ಮೊದಲಿನಂತೆಯೇ ಬಿಟ್ಟೆ.

ಚಹಾ ಹೊತ್ತಿನಲ್ಲಿ ಡೆಬೊರಾ ಹೇಳಿದ್ದು: ಅವರ ಬಾಲ್ಯದ ಹೊತ್ತಿಗೆ ಕ್ವೇಕರರೂ ಹೊರಗಿನವರಿಗೆಲ್ಲ 'ಯೂ' ಎನ್ನತೊಡಗಿದ್ದರು. 'ದೀ' ಮನೆಯೊಳಗಿನ ಮಾತಾಗಿ ಉಳಿದಿತ್ತು. ಅಜ್ಜಿ, ಅಮ್ಮ ಇವರನ್ನು 'ದೀ' ಎನ್ನುತ್ತಿದ್ದರು. ಆಮೇಲೆ ಒಬ್ಬ ಅಣ್ಣ.

"ಅಣ್ಣ ಹೋಗಿ ಒಂಬತ್ತು ವರ್ಷವಾಯಿತು," ಎಂದರು. "ನನ್ನನ್ನು ಹಾಗೆ ಕರೆಯುವವರು ಈಗ ಯಾರೂ ಇಲ್ಲ," ಎಂದು ಹೇಳಿ ಬಿಸ್ಕತ್ತಿನ ಡಬ್ಬಿ ಮುಂದೆ ಸರಿಸಿದರು.

ರೈಲಿನಲ್ಲಿ ಬರುವಾಗ ಸಮಯವಿತ್ತು. ಟಿಕೆಟ್ ಹಿಂಬದಿಯಲ್ಲಿ ಒಂದು ಪಟ್ಟಿ ಮಾಡಿದೆ. ನನ್ನನ್ನು 'ನೀನು' ಎನ್ನುವವರು:

ಅಪ್ಪ. ಇಲ್ಲ.
ಅಮ್ಮ. 2019ರಿಂದ ಇಲ್ಲ.
ಅಕ್ಕ ಲೀಲಾವತಿ. ಕೋವಿಡ್.
ಶಾಲೆಯ ಗೆಳೆಯರು. ವಾಟ್ಸಾಪ್ ಗುಂಪಿನಲ್ಲಿ ಈಗ 'ವಿಶ್ವೇಶ್ವರ ಸರ್' ಎನ್ನುತ್ತಾರೆ.

ಒಟ್ಟು ಉಳಿದವರು: ಒಬ್ಬ. ಹೆಸರು ಬರೆಯಲಿಲ್ಲ. ಟಿಕೆಟ್ಟನ್ನು ಗೇಟಿನ ಯಂತ್ರ ನುಂಗಿತು.

ಮೂರನೇ ತಿಂಗಳು 5, ಐದನೇ ದಿನ

ಎರಡೂ ಕಡೆಯ ಹೇಳಿಕೆ ಪಡೆಯದೆ ಸುದ್ದಿ ಮಾಡಬಾರದು ಎಂಬುದು ಪತ್ರಿಕೆಯ ನಿಯಮ. ಜನವರಿ 11ರ ಘಟನೆಯಲ್ಲಿ ಎದುರು ಪಕ್ಷದ ಹೇಳಿಕೆ ಪಡೆದಿಲ್ಲವೆಂಬುದು ಗಮನಕ್ಕೆ ಬಂದದ್ದರಿಂದ, ಕೇವಲ ಆ ಕಾರಣಕ್ಕೆ, ಲಿಟಲ್ ಐಲ್ಯಾಂಡ್‌ಗೆ ಫೋನ್ ಮಾಡಿದೆ.

"ಅಶ್ವಿನ್, ನಾನು ತನ್ವಿ ಅಪ್ಪ."

"ಅಂಕಲ್! ನೀನು... ಸಾರಿ. ಸಾರಿ, ತನ್ವಿ ಹೇಳಿದಾಳೆ, ಅದ್ ಹೇಳ್ಬಾರ್ದು ಅಂತ." ಆಮೇಲೆ ಅಪ್ಪಟ ಕಾರ್ಕ್ ರಾಗದ ಇಂಗ್ಲಿಷಿಗೆ ಜಾರಿದ.

"ಕನ್ನಡದಲ್ಲೇ ಹೇಳು. ನಿನಗೆ ಕನ್ನಡ ಕಲಿಸಿದ್ದು ಯಾರು?"

"ಅಮ್ಮ."

"ಅವರು ದೊಡ್ಡವರಿಗೆ ನೀವು ಅನ್ನೋದು ಕಲಿಸ್ಲಿಲ್ವಾ?"

ಅವನು ಕಾರ್ಖಾನೆಯ ಸದ್ದಿನಿಂದ ಹೊರಗೆ ಬಂದ. "ನಂಗೆ ಹನ್ನೊಂದು ವರ್ಷ ಆದಾಗ ಅಮ್ಮ ಹೋದ್ಲು, ಅಂಕಲ್. ಅಪ್ಪ ಮರಾಠಿ, ಸೋ ಮನೇಲಿ ಕನ್ನಡ ಮಾತಾಡೋದು ಅಮ್ಮ ನಾನು ಇಬ್ರೇ. ಅವ್ಳು ನಂಗೆ ಏನ್ ಹೇಳ್ತಿದ್ಲೋ ಅಷ್ಟೇ ನಂಗ್ ಗೊತ್ತು. ಶೂ ಹಾಕ್ಕೋ. ಹುಷಾರು, ಬೀಳ್ತೀಯಾ. ಬಿಸಿ ಇದೆ, ಊದ್ಕೊಂಡು ತಿನ್ನು. ಬೇರೆ ಯಾರ ಹತ್ರಾನೂ ಅವ್ಳು ಕನ್ನಡ ಮಾತಾಡಿದ್ದು ನಾನ್ ಕೇಳೇ ಇಲ್ಲ."

ತಾಯಿಯ ಹೆಸರು ವಸುಂಧರಾ. ಊರು ತಿಪಟೂರು. ನಮ್ಮ ಪತ್ರಿಕೆ ಅಲ್ಲಿಗೂ ಹೋಗುತ್ತಿತ್ತು.

ಕರೆ ಅವಧಿ: ನಾಲ್ಕು ನಿಮಿಷ. ಮಳೆ.

ಮೂರನೇ ತಿಂಗಳು 19. ಯುಗಾದಿ

ಇಂದು ಹೊಸ ವರ್ಷ. ಹಳೆಯ ಕ್ವೇಕರರಿಗೂ ಮಾರ್ಚ್ ತಿಂಗಳೇ ಮೊದಲನೆಯದಾಗಿತ್ತಂತೆ. 1752ರಲ್ಲಿ ಸರ್ಕಾರ ವರ್ಷವನ್ನು ಜನವರಿಗೆ ಎಳೆಯಿತು. ಈ ಒಂದು ವಿಷಯದಲ್ಲಿ ಅವರು ಮೊದಲು ಸರಿಯಾಗಿದ್ದರು. ಡೆಬೊರಾಗೆ ಬೇವು ಬೆಲ್ಲ ಕೊಟ್ಟೆ. ಬೇವು ಸಿಗದೆ ಮೆಂತ್ಯ ಹಾಕಿದ್ದೆ. "ಆಸಕ್ತಿಕರವಾಗಿದೆ," ಎಂದರು. ಸುಳ್ಳು ಹೇಳದ ಪಂಥ.

ತನ್ವಿ ಫೋನ್ ಮಾಡಿದಳು. ನನಗೇ.

"ಅಶ್ವಿನ್‌ಗೆ ಕಾಲ್ ಮಾಡಿದ್ರಂತೆ. ಏನ್ ಬೈದ್ರಿ? ಎರಡು ವಾರದಿಂದ ಆ್ಯಪ್ ಹಾಕ್ಕೊಂಡು 'ನೀವು' ಕಲೀತಿದಾನೆ. ಹಲ್ಲುಜ್ಜುವಾಗ್ಲೂ 'ಬನ್ನಿ, ಹೋಗಿ, ಕೂತುಕೊಳ್ಳಿ.' ನನಗೆ ತಲೆ ಕೆಟ್ಟಿದೆ."

ಬೈಯಲಿಲ್ಲ ಎಂದೆ. ಇಪ್ಪತ್ತೆಂಟಕ್ಕೆ ಅವನೊಬ್ಬನೇ ಡಬ್ಲಿನ್‌ಗೆ ಬರುತ್ತಾನಂತೆ, ನನ್ನನ್ನು ನೋಡಲು. "ಅಪ್ಪ, ಕೊನೇ ಚಾನ್ಸ್," ಎಂದಳು. ಯಾರಿಗೆ ಎಂದು ಕೇಳಲಿಲ್ಲ.

ಮೂರನೇ ತಿಂಗಳು 28, ಏಳನೇ ದಿನ

ಡನ್ ಲಿಯರಿಯ ಪಿಯರ್ ಮೇಲೆ ಭೇಟಿ. ಬಂದರಿನಿಂದ ಸಮುದ್ರದೊಳಕ್ಕೆ ಹೋಗುವ ಆ ಕಲ್ಲುದಾರಿಯಲ್ಲಿ ಎದ್ದು ಹೋಗಲು ಊಟದ ಮೇಜಿಲ್ಲ, ಹಾಗೆಂದೇ ಆರಿಸಿದ್ದೆ. ಅಶ್ವಿನ್ ಇಸ್ತ್ರಿ ಮಾಡಿದ ಅಂಗಿ ಹಾಕಿ, ಗಾಳಿಗೆ ನಡುಗುತ್ತ ನಿಂತಿದ್ದ.

"ನಮಸ್ಕಾರ, ಮಾವನವರೇ. ತಾವು ಕ್ಷೇಮವಾಗಿದ್ದೀರಾ?"

"ಚೆನ್ನಾಗಿದೀನಿ."

"ನಾನು ತಮ್ಮನ್ನು ಭೇಟಿಯಾಗಿ ಸಂತೋಷಗೊಂಡಿರುತ್ತೇನೆ."

ಇಪ್ಪತ್ತೆಂಟು ವರ್ಷ ನಾನು ಬರೆದದ್ದು ಇದೇ ಕನ್ನಡ. ಸಚಿವರು ಸಂತೋಷಗೊಂಡಿರುತ್ತಾರೆ, ಸಭಿಕರು ಭಾಗವಹಿಸಿರುತ್ತಾರೆ. ಜೀವಂತ ಮನುಷ್ಯನ ಬಾಯಲ್ಲಿ ಅದನ್ನು ಕೇಳಿದ್ದು ಇದೇ ಮೊದಲು. ದೀಪಸ್ತಂಭದವರೆಗೂ ಹೀಗೇ ಸಾಗಿತು. ತಾವು ಚಹಾ ಸೇವಿಸುವಿರಾ. ತಮ್ಮ ಆರೋಗ್ಯವು ಹೇಗಿದೆ. ತಪ್ಪೇ ಇಲ್ಲ. ಹದಿನಾಲ್ಕಕ್ಕೆ ಹದಿನಾಲ್ಕೂ ಸರಿ. ಒಂದೊಂದು ಕ್ರಿಯಾಪದದ ಮೊದಲೂ ಪರೀಕ್ಷೆಗೆ ಕೂತವನಂತೆ ಆಕಾಶ ನೋಡುತ್ತಿದ್ದ.

ಕೊನೆಯಲ್ಲಿ ಕಲ್ಲು ಪಾಚಿಗಟ್ಟಿದೆ. ನನ್ನ ಕಾಲು ಜಾರಿತು. ತಟ್ಟನೆ ತೋಳು ಹಿಡಿದ. ಬಾಯಿಗೆ ಏನೋ ಬಂತು, ನುಂಗಿಕೊಂಡ. ನನ್ನ ತೋಳು ಹಿಡಿದೇ ಕ್ರಿಯಾಪದ ಹುಡುಕಿದ. "ತಾವು... ಜಾಗರೂಕತೆಯಿಂದ... ಚಲಿಸಿರಿ."

ಅಷ್ಟು ಹೊತ್ತಿನಲ್ಲಿ ನಾನು ಸಮುದ್ರದಲ್ಲಿರುತ್ತಿದ್ದೆ.

"ನಿಮ್ಮಮ್ಮ ಇದ್ದಿದ್ರೆ ಹೇಗೆ ಹೇಳ್ತಿದ್ರು?" ಎಂದೆ.

"ಹುಷಾರು, ಬೀಳ್ತೀಯಾ."

"ಹಾಗೇ ಹೇಳು."

"ತನ್ವಿ ಸಾಯಿಸ್ತಾಳೆ."

"ನಾನು ಮಾತಾಡ್ತೀನಿ. ಆ ಆ್ಯಪ್ ತೆಗೆದುಹಾಕು."

ಇದು ಭಾಷೆಯ ಶುದ್ಧಿಯ ದೃಷ್ಟಿಯಿಂದ ಮಾತ್ರ ಕೈಗೊಂಡ ತೀರ್ಮಾನ. ತಿಪಟೂರಿನ ಆಡುಮಾತು ಒಬ್ಬರ ಬಾಯಲ್ಲಾದರೂ ಕೆಡದೆ ಉಳಿದಿದ್ದರೆ ಅದನ್ನು ಆ್ಯಪ್ ಹಾಕಿ ಕೊಲ್ಲಬಾರದು.

ವಾಪಸು ನಡೆಯುವಾಗ ಎಷ್ಟು ಸಲ ಎಂದು ಎಣಿಸುವುದು ಮರೆಯಿತು.

ನಾಲ್ಕನೇ ತಿಂಗಳು 10, ಆರನೇ ದಿನ. ಕಾರ್ಕ್

ಮದುವೆ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಫಾರಂನಲ್ಲಿ ವರನ ತಾಯಿಯ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ನಾನೇ ನೋಡಿದೆ. ಸರಿಯಿತ್ತು.

ಊಟಕ್ಕೆ ಹೋಟೆಲಿನಲ್ಲಿ ಉದ್ದ ಮೇಜು. ನನ್ನ ಎಡಕ್ಕೆ ಅಶ್ವಿನ್, ಬಲಕ್ಕೆ ಮೈಸೂರಿನಿಂದ ಬಂದಿರುವ ವಿನೋದಿನಿಯ ಅಕ್ಕ ಜಯಮಾಲಾ. ಎದುರಿಗೆ ಕೂತ ತನ್ವಿ ನನ್ನ ಕುರ್ಚಿಯನ್ನೇ ನೋಡುತ್ತಿದ್ದಳು, ಕುರ್ಚಿ ಓಡಿಹೋಗಬಹುದು ಎಂಬಂತೆ.

"ಮಾವ, ನೀನು ಬ್ರೆಡ್ ತಗೊಂಡ್ಯಾ?" ಎಂದ ಅಶ್ವಿನ್.

ಜಯಮಾಲಾ ಚಮಚ ಕೆಳಗಿಟ್ಟರು. ಅವರ ಪಿಸುಮಾತು ಮೇಜಿನ ಆ ತುದಿಗೂ ಕೇಳಿಸುತ್ತದೆ. "ಏನ್ರೀ ಇದು! ಹುಡುಗ ನಿಮ್ಮನ್ನ ನೀನು ಅಂತಾನೆ! ನೀವು ಸುಮ್ನೆ ಕೂತಿದ್ದೀರಲ್ಲ?"

"ಕ್ವೇಕರ್ ಪದ್ಧತಿ," ಎಂದೆ.

"ಅಯ್ಯೋ, ಹುಡುಗ ಕ್ರಿಶ್ಚಿಯನ್ನಾ? ವಿನೋದಿನಿ, ಹೇಳ್ಲೇ ಇಲ್ವಲ್ಲೇ!"

ವಿವರಿಸುವಷ್ಟರಲ್ಲಿ ಸೂಪ್ ಬಂತು. ಬಟ್ಟಲಿನಿಂದ ಹಬೆ ಏಳುತ್ತಿತ್ತು. ಅಶ್ವಿನ್ ನನ್ನ ಕಡೆ ಬಾಗಿದ. ಎದುರಿಗೆ ತನ್ವಿ ಉಸಿರು ಹಿಡಿದಳು.

"ಬಿಸಿ ಇದೆ," ಎಂದ. "ಊದ್ಕೊಂಡು ತಿನ್ನು."

ಊದಿಕೊಂಡು ತಿಂದೆ.